ಕೆಲಸವಿಲ್ಲದ ನಾಯಿ, ಪುರುಸೊತ್ತಿಲ್ಲದ ಮಾಲೀಕ

ಮುಂಬೈಯಲ್ಲಿ ದೊಡ್ಡ ನಾಯಿ ಸಾಕುವುದು ತಪ್ಪಲ್ಲ. ಅದನ್ನು ಸೋಫಾ ಕೊಂಡ ಹಾಗೆ ಕೊಳ್ಳುವುದು ತಪ್ಪು. ಪೊವಾಯಿಯಲ್ಲೋ ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲೋ ಯಾವುದಾದರೂ ಟವರಿನ ಕೆಳಗೆ ಬೆಳಿಗ್ಗೆ ಏಳಕ್ಕೆ ನಿಂತು ನೋಡಿ. ರಾಟ್‌ವೈಲರ್, ಜರ್ಮನ್ ಶೆಫರ್ಡ್, ಹಸ್ಕಿ, ಈಚೆಗೆ ನಮ್ಮ ಮುಧೋಳ ಕೂಡ. ಹಗ್ಗ ಹಿಡಿದವನು ಬಹಳ ಸಲ ಮಾಲೀಕನಲ್ಲ, ತಿಂಗಳ ಸಂಬಳದ ಹುಡುಗ. ಅರ್ಧ ಗಂಟೆಯ ಸುತ್ತಾಟ ಮುಗಿದರೆ ಉಳಿದ ಹೊತ್ತೆಲ್ಲ ಟೈಲ್ಸ್ ನೆಲ, ಮುಚ್ಚಿದ ಬಾಗಿಲು.

ಇವು ಕೆಲಸಕ್ಕೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಗಳು. ಜರ್ಮನ್ ಶೆಫರ್ಡ್ ಕುರಿ ಕಾಯಲು, ರಾಟ್‌ವೈಲರ್ ದನ ಹೊಡೆಯಲು, ಹಸ್ಕಿ ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯಲು. ಕೆಲಸ ಸಿಕ್ಕಿದರೆ ನಾಯಿ ಏನಾಗಬಲ್ಲದು ಎಂಬುದಕ್ಕೆ ಈ ಊರಿನಲ್ಲೇ ಸಾಕ್ಷಿಯಿದೆ: 1993ರ ಸ್ಫೋಟಗಳ ವೇಳೆ ಮುಂಬೈ ಪೊಲೀಸರ ಲ್ಯಾಬ್ರಡಾರ್ 'ಝಂಜೀರ್' ಮೂರು ಸಾವಿರ ಕಿಲೋಗೂ ಹೆಚ್ಚು ಆರ್‌ಡಿಎಕ್ಸ್ ಪತ್ತೆಗೆ ನೆರವಾಗಿತ್ತು. ಕೆಲಸ ಕಿತ್ತುಕೊಂಡರೆ ಅದೇ ಚುರುಕು ಬಾಗಿಲು ಕೆರೆಯುತ್ತದೆ, ಚಪ್ಪಲಿ ಹರಿಯುತ್ತದೆ, ಇಡೀ ಮಧ್ಯಾಹ್ನ ಬೊಗಳುತ್ತದೆ. ಆಗ ನಾವು ನಾಯಿಯ ಸ್ವಭಾವವನ್ನು ಬೈಯುತ್ತೇವೆ.

ಅನುವಾದ ನನ್ನ ಕಸುಬು. ನಾಯಿಯ ಆಹಾರದ ಜಾಹೀರಾತುಗಳಲ್ಲಿ ಪದೇಪದೇ ಎದುರಾಗುವ ಮಾತು 'ಪೆಟ್ ಪೇರೆಂಟ್'. ಕನ್ನಡದಲ್ಲಿ ನಾಯಿಯನ್ನು ಕರೆಯುತ್ತಿದ್ದದ್ದು ಅದು ಮಾಡುವ ಕೆಲಸದಿಂದ: ಬೇಟೆನಾಯಿ, ಕಾವಲುನಾಯಿ. ಆ ಹೆಸರಿನಲ್ಲೇ ನಾಯಿಗೆ ಏನು ಬೇಕು ಎಂಬ ಉತ್ತರವೂ ಇತ್ತು. 'ಪೇರೆಂಟ್' ಪದದಲ್ಲಿ ನಾಯಿಯ ಸುದ್ದಿಯೇ ಇಲ್ಲ, ಮಾಲೀಕನ ಭಾವನೆ ಮಾತ್ರ ಇದೆ. ಮಗು ಎಂದು ಕರೆದು ಹುಟ್ಟುಹಬ್ಬಕ್ಕೆ ಕೇಕು ತರಿಸುವುದು ಸುಲಭ. ದಿನಕ್ಕೆರಡು ಗಂಟೆ ಜೊತೆಗೆ ಬೆವರುವುದು ಕಷ್ಟ.

'ನಮ್ಮ ಮನೆಯಲ್ಲಿ ಎಸಿ ಇದೆ' ಎನ್ನುವವರಿದ್ದಾರೆ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಾಳಿಯಲ್ಲೇ ನೀರಿನ ಪಸೆ ತುಂಬಿದ್ದರೆ ಆ ಉಪಾಯ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ಮುಂಬೈಯ ಮೇ ತಿಂಗಳಲ್ಲಿ ಎರಡು ಪದರ ಕೂದಲಿನ ಹಸ್ಕಿ ಎಸಿಯ ಕೋಣೆಯಲ್ಲಿ ಕೈದಿ. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಓಡಿದರೆ ಅಪಾಯವಿರುವ ಊರಿಗೆ ತಂದು, ತಂಪು ಕೊಟ್ಟೆವೆಂದು ಬೀಗುವುದು ಎಂಥ ನ್ಯಾಯ? ಇನ್ನು ಮಳೆಗಾಲದ ನಿಂತ ನೀರಿನಲ್ಲಿ ಇಲಿ ಜ್ವರ ಕಾದಿರುತ್ತದೆ.

ಈಗ ನಮ್ಮವರ ಅಭಿಮಾನಕ್ಕೆ ಬರೋಣ. 2020ರ ಆಗಸ್ಟಿನಲ್ಲಿ ಪ್ರಧಾನಿ ತಮ್ಮ 'ಮನ್ ಕೀ ಬಾತ್'ನಲ್ಲಿ ಮುಧೋಳದ ಹೆಸರೆತ್ತಿದ ಮೇಲೆ ಮುಂಬೈ ಕನ್ನಡಿಗರಲ್ಲೂ 'ನಮ್ಮ ತಳಿ' ಎಂಬ ಹುರುಪು. ಹುರುಪಿಗೆ ಕಾರಣವಿದೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ತಳಿ ಅದು, 2005ರಲ್ಲಿ ಅಂಚೆಚೀಟಿಯಾಯಿತು, ಸೇನೆ ಅದನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ನಮ್ಮ ಬಿಸಿಲು ಅದಕ್ಕೆ ಒಗ್ಗಿದೆ, ನಿಜ. ಆದರೆ ಅದು ಕಣ್ಣಿಗೆ ಬಿದ್ದ ಮೊಲವನ್ನು ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗುವ ನಾಯಿ. ಬಾಗಲಕೋಟೆಯ ಹೊಲದಲ್ಲಿ ಅದಕ್ಕೆ ದಿಗಂತವಿದೆ. ಡೊಂಬಿವಿಲಿಯ ಎರಡು ಕೋಣೆಯ ಮನೆಯಲ್ಲಿ ಬಾಲ್ಕನಿಯ ಜಾಲರಿ ಇದೆ. ತಳಿಯ ಮೇಲಿನ ಅಭಿಮಾನ ನಾಯಿಯ ಕಾಲಿಗೆ ಬೇಡಿಯಾದರೆ ಆ ಅಭಿಮಾನ ಯಾರಿಗೆ ಬೇಕು?

ಸರ್ಕಾರವೂ ತಪ್ಪು ಪ್ರಶ್ನೆಯನ್ನೇ ಕೇಳಿತು. 2024ರ ಮಾರ್ಚಿನಲ್ಲಿ ಕೇಂದ್ರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಯಾವ ತಳಿ ಅಪಾಯಕಾರಿ ಎಂದು ಕೇಳಿದವರು ಯಾರ ಕೈಯಲ್ಲಿ, ಎಂಥ ಬದುಕಿನಲ್ಲಿ ಎಂದು ಕೇಳಲಿಲ್ಲ. ಇರುವ ಕಾನೂನುಗಳ ಗತಿ ನೋಡಿ. ಮಾರಾಟಕ್ಕೆ ಮರಿ ಹುಟ್ಟಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರಬಾರದು ಎನ್ನುತ್ತವೆ 2017ರ ನಿಯಮಗಳು. ಕೊಳ್ಳುವಾಗ ನೋಂದಣಿ ಪತ್ರ ಕೇಳಿದವರು ನಿಮ್ಮ ಪರಿಚಯದಲ್ಲಿ ಎಷ್ಟು ಮಂದಿ? ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತರವರೆಗೆ. ಅಷ್ಟಕ್ಕೆ ಇಲ್ಲಿ ಇಬ್ಬರು ಹೊಟ್ಟೆ ತುಂಬ ವಡಾಪಾವ್ ತಿನ್ನಲೂ ಆಗದು.

'ಬಡವರು, ಸಣ್ಣ ಮನೆಯವರು ನಾಯಿ ಸಾಕಬಾರದೇ?' ಎಂದು ಕೇಳುತ್ತೀರಿ. ಮನೆಯ ಚದರಡಿ ನನ್ನ ಲೆಕ್ಕದಲ್ಲಿ ಇಲ್ಲ. ನಿವೃತ್ತ ಕಾವಲುಗಾರನೊಬ್ಬ ಖೋಲಿಯಲ್ಲಿದ್ದುಕೊಂಡೇ ದಿನಕ್ಕೆರಡು ಸಲ ನಾಯಿಯೊಡನೆ ಮೈಲುಗಟ್ಟಲೆ ನಡೆದರೆ ಅವನೇ ಸರಿಯಾದ ಯಜಮಾನ. ನಾಲ್ಕು ಕೋಣೆಯ ಫ್ಲ್ಯಾಟಿದ್ದೂ ಹನ್ನೆರಡು ಗಂಟೆ ಆಫೀಸು, ಲೋಕಲ್ ರೈಲು ಎಂದು ಕಳೆಯುವವರಿಗೆ ಆ ಹಕ್ಕಿಲ್ಲ.

ಆದ್ದರಿಂದ, ಮರಿಗೆ ಮುಂಗಡ ಕೊಡುವ ಮೊದಲು ಒಂದು ತಿಂಗಳು ನಾಯಿಯಿಲ್ಲದೆ ನಡೆಯಿರಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಜುಲೈ ಮಳೆಯಲ್ಲೂ, ಸ್ವಂತ ಕಾಲಿನಲ್ಲಿ. ಮೂವತ್ತು ದಿನ ತಪ್ಪಿಸದಿದ್ದರೆ ತನ್ನಿ. ತಪ್ಪಿಸಿದರೆ ನಿಮ್ಮ ಗಲ್ಲಿಯಲ್ಲೇ ಇರುವ ಬೀದಿನಾಯಿಗೆ ಲಸಿಕೆ ಹಾಕಿಸಿ, ಅನ್ನ ಹಾಕಿ. ನಡೆಯುವ ಕೆಲಸ ಅದು ತಾನೇ ನೋಡಿಕೊಳ್ಳುತ್ತದೆ.