ಪೈಲಟರ ನಿದ್ದೆಗೂ ರಿಯಾಯಿತಿಯೆ?

2025ರ ಡಿಸೆಂಬರ್ ಮೊದಲ ವಾರದ ಗಲಾಟೆ ಓದುಗರಿಗೆ ನೆನಪಿರಬಹುದು. ಇಂಡಿಗೊ ಕಂಪನಿಯ ವಿಮಾನಗಳು ಸಾಲುಸಾಲಾಗಿ ರದ್ದಾದವು. 5ನೇ ತಾರೀಕು ಒಂದೇ ದಿನ ಸಾವಿರಕ್ಕೂ ಮೇಲೆ. ದೇವನಹಳ್ಳಿಯಲ್ಲಿ ಜನ ಪೆಟ್ಟಿಗೆಗೆ ತಲೆಕೊಟ್ಟು ಮಲಗಿದರು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ಮದುಮಕ್ಕಳೇ ಬರಲಾಗದೆ ವೀಡಿಯೊದಲ್ಲಿ ಕಾಣಿಸಿಕೊಂಡರು. ಕಾರಣ ಏನೆಂದರೆ, ಪೈಲಟರಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮಕ್ಕೆ ಕಂಪನಿಯ ಬಳಿ ಸಾಕಷ್ಟು ಪೈಲಟರಿರಲಿಲ್ಲ. ಆಗ ಹಂಪನಕಟ್ಟೆಯ ಅಂಗಡಿಗಳಲ್ಲಿ ಕೇಳಿಬಂದ ಮಾತು: "ಲಕ್ಷಗಟ್ಟಲೆ ಸಂಬಳ ಸಾಲದು ಅಂತ ಇವರಿಗೆ ನಿದ್ದೆ ಬೇರೆ ಬೇಕಂತೆ ಮಾರಾಯ್ರೆ!"

ಬೇಕು ಸ್ವಾಮಿ. ಬೇರೆ ಊರಿನವರು ಹಾಗೆ ಅಂದರೆ ಬಿಟ್ಟುಬಿಡಬಹುದು. ಮಂಗಳೂರಿನವರ ಬಾಯಲ್ಲಿ ಆ ಮಾತು ಬರಬಾರದು.

2010ರ ಮೇ 22, ಬೆಳಿಗ್ಗೆ 6 ಗಂಟೆ 5 ನಿಮಿಷ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. ಒಳಗಿದ್ದವರು 166 ಮಂದಿ, ಬದುಕಿದವರು 8. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದೇ 5,200 ಅಡಿ ಕಳೆದ ಮೇಲೆ.

ವಿಮಾನದ ಧ್ವನಿಮುದ್ರಣ ಪೆಟ್ಟಿಗೆಯಲ್ಲಿ ಕೊನೆಯ ಎರಡು ಗಂಟೆ ಚಿಲ್ಲರೆಯ ಮಾತುಕತೆ ಸಿಕ್ಕಿತು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್‌ರ ಮಾತೇ ಇಲ್ಲ, ಗೊರಕೆ ಉಂಟು. ಎದ್ದದ್ದು ಇಳಿಯುವ ಹೊತ್ತು ಹತ್ತಿರ ಬಂದಾಗ. ಗಾಢ ನಿದ್ದೆಯಿಂದ ಎದ್ದವನ ತಲೆ ತಿಳಿಯಾಗಲು ಹೊತ್ತು ಹಿಡಿಯುತ್ತದೆ. ಬೆಳಗಿನ ಜಾವ ಉಪ್ಪಿನಂಗಡಿಯಲ್ಲಿ ಬಸ್ಸಿಳಿದು ಚೀಲ ಬಸ್ಸಲ್ಲೇ ಬಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮದು ಚೀಲ ಹೋಗುತ್ತದೆ, ಅಷ್ಟೆ. ಅಲ್ಲಿ ಆ ಮಂಪರಿನಲ್ಲೇ ಗುಡ್ಡದ ಮೇಲಿನ ರನ್‌ವೇಗೆ ವಿಮಾನ ಇಳಿಸಬೇಕು. ಸಾಲದ್ದಕ್ಕೆ ಆ ಎರಡು ದಿನ ಇಲ್ಲಿಯ ರೇಡಾರ್ ಕೆಟ್ಟಿತ್ತು, ಹಾಗಾಗಿ ದೂರದಿಂದಲೇ ನಿಧಾನವಾಗಿ ಇಳಿದುಬರುವ ಅವಕಾಶವೂ ತಪ್ಪಿತು. ವಿಮಾನ ಎತ್ತರ ಜಾಸ್ತಿ, ವೇಗ ಜಾಸ್ತಿ ಎಂಬ ಸ್ಥಿತಿಯಲ್ಲೇ ಬಂತು.

ಪಕ್ಕದಲ್ಲಿದ್ದ ಸಹಚಾಲಕ "ಗೋ ಅರೌಂಡ್" ಅಂದರು, ಅಂದರೆ ಇಳಿಸಬೇಡಿ, ಮೇಲಕ್ಕೇರಿಸಿ ಮತ್ತೆ ಬನ್ನಿ ಎಂದು. ಒಂದಲ್ಲ, ಮೂರು ಸಲ. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಕೇಳಲಿಲ್ಲ. ಸಹಚಾಲಕ ಕೈಹಾಕಿ ವಿಮಾನ ತಾನೇ ಎತ್ತಲಿಲ್ಲ. ಹಾಗೆ ಎತ್ತಬಹುದೋ ಬಾರದೋ ಎಂಬ ಬಗ್ಗೆ ಆದೇಶಗಳಲ್ಲೇ ಸ್ಪಷ್ಟತೆ ಇರಲಿಲ್ಲ ಎಂದು ತನಿಖೆ ನಡೆಸಿದ ನ್ಯಾಯಾಲಯವೇ ಬರೆಯಿತು. ದೊಡ್ಡವರ ಎದುರು ಚಿಕ್ಕವರು ಬಾಯಿ ಬಿಡುವುದೇ ಕಷ್ಟ. ಅವರು ಬಿಟ್ಟರು, ಪ್ರಯೋಜನವಾಗಲಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಕ್ಯಾಪ್ಟನ್‌ಗೆ ಅದಕ್ಕೆ ಮೊದಲು ಸಾಕಷ್ಟು ವಿಶ್ರಾಂತಿ ಸಿಕ್ಕಿತ್ತು, ರಜೆ ಮುಗಿಸಿ ಬಂದಿದ್ದರು ಎಂದು ಅದೇ ವರದಿ ಹೇಳುತ್ತದೆ. ಹಾಗಾದರೆ ಆ ಗೊರಕೆ ಎಲ್ಲಿಂದ ಬಂತು? ಲೆಕ್ಕ ನೋಡಿ. ಅದೇ ತಂಡ ಹಿಂದಿನ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಮಂಗಳೂರಿನಿಂದ ಹೊರಟದ್ದು. ದುಬೈಯಲ್ಲಿ ಒಂದೂವರೆ ಗಂಟೆಯೂ ನಿಲ್ಲದೆ ನಮ್ಮ ಗಡಿಯಾರದಲ್ಲಿ ಎರಡೂವರೆಗೆ ವಾಪಸ್ ಹೊರಟರು. ರಾತ್ರಿ 2ರಿಂದ 6ರ ಹೊತ್ತು ಮನುಷ್ಯನ ದೇಹ ತೀರಾ ಕುಗ್ಗಿರುವ ಹೊತ್ತು ಎಂದು ವೈದ್ಯರು ಎಂದೋ ಹೇಳಿದ್ದಾರೆ. ರಿಜಿಸ್ಟರಿನಲ್ಲಿ ರಜೆ ಬರೆದಿದ್ದರೆ ಆ ಹೊತ್ತಿಗೆ ರೆಪ್ಪೆ ಕೂಡುವುದು ನಿಲ್ಲುತ್ತದೆಯೆ?

ಈಗ ಡೆಲ್ಲಿಯ ಕಥೆಗೆ ಬರೋಣ. ಪೈಲಟರ ಕೆಲಸದ ಗಂಟೆಗಳನ್ನು ಬಿಗಿಮಾಡುವ ನಿಯಮ 2007ರಲ್ಲೇ ಬಂದಿತ್ತು. ಕಂಪನಿಗಳು ಕೂಗೆಬ್ಬಿಸಿದವು, 2008ರಲ್ಲಿ ಅದನ್ನು ಬದಿಗಿಟ್ಟು 1992ರ ಹಳೆಯದಕ್ಕೇ ಮರಳಿದರು. 2010ರಲ್ಲಿ ನಮ್ಮೂರಲ್ಲಿ 158 ಜನ ಸತ್ತರು. 2011ರಲ್ಲಿ ನಿಯಮ ಮತ್ತೆ ಬಂತು. ಅದೂ ಸಾಲದೆಂದು 2024ರ ಜನವರಿಯಲ್ಲಿ ಇನ್ನೊಂದು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಗಬೇಕು. ರಾತ್ರಿ ಪಾಳಿಯಲ್ಲಿ ಆರು ಸಲ ಇಳಿಸಬಹುದಾಗಿದ್ದದ್ದು ಎರಡಕ್ಕೆ ಇಳಿಯಬೇಕು. ಬೆಳಿಗ್ಗೆ 5ಕ್ಕೆ ಮುಗಿಯುತ್ತಿದ್ದ ಕಾಗದದ ರಾತ್ರಿ 6ರವರೆಗೆ ಎಂದಾಗಬೇಕು. (ನಮ್ಮ ವಿಮಾನ ಬಿದ್ದದ್ದು 6.05ಕ್ಕೆ. ಈ ಹೊಸ ಲೆಕ್ಕದಲ್ಲೂ ಅದು ರಾತ್ರಿ ಇಳಿಸಿದ್ದಲ್ಲ!) ಕಂಪನಿಗಳು ಮತ್ತೆ ರಾಗ ಎಳೆದವು, ಜಾರಿ ಮುಂದೆ ಹೋಯಿತು. ಪೈಲಟರ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ 2025ರ ಜುಲೈ ಮತ್ತು ನವೆಂಬರ್ ಎಂದು ಎರಡು ಕಂತಿನಲ್ಲಿ ಜಾರಿ.

ತಯಾರಿಗೆ ಸುಮಾರು ಎರಡು ವರ್ಷ ಸಿಕ್ಕಿತು. ಆದರೂ ಡಿಸೆಂಬರಿನಲ್ಲಿ ವಿಮಾನಗಳು ನಿಂತವು, ಜನ ಬೈದರು, ಸರ್ಕಾರ ಹೆದರಿತು. ರಾತ್ರಿ ಪಾಳಿಯ ನಿಯಮಗಳಿಂದ ಇಂಡಿಗೊಗೆ 2026ರ ಫೆಬ್ರವರಿ 10ರ ತನಕ ರಿಯಾಯಿತಿ ಸಿಕ್ಕಿತು. ದೀಪಾವಳಿಗೆ ಸೀರೆ ಅಂಗಡಿಯವರು ರಿಯಾಯಿತಿ ಕೊಟ್ಟರೆ ನಷ್ಟ ಅವರ ಗಲ್ಲಾಪೆಟ್ಟಿಗೆಯದ್ದು. ಈ ರಿಯಾಯಿತಿಯ ಖರ್ಚು ಹಿಂದಿನ ಸೀಟುಗಳಲ್ಲಿ ಕೂತವರ ತಲೆಗೆ. ತಯಾರಿ ಮಾಡದೆ ಕೂತದ್ದು ಕಂಪನಿ, ಬೈಗುಳ ತಿಂದದ್ದು ಪೈಲಟ್. ನಮ್ಮವರಂತೂ ಬೈಯುವಾಗ ವಿಳಾಸ ನೋಡುವ ಪದ್ಧತಿ ಇಟ್ಟುಕೊಂಡಿಲ್ಲ.

ರಾತ್ರಿ ಬಸ್ಸಿನವರ ಪಾಡು ಬೇರೆಯಲ್ಲ. ಆದರೆ ಬಸ್ಸಿನ ಡ್ರೈವರ್ ಬದಿಗೆ ನಿಲ್ಲಿಸಿ ಮುಖಕ್ಕೆ ನೀರು ಹಾಕಿ ಒಂದು ಚಾ ಕುಡಿದಾನು. ಅರಬ್ಬೀ ಸಮುದ್ರದ ಮೇಲೆ ಬದಿಗೆ ನಿಲ್ಲಿಸುವ ಜಾಗ ಎಲ್ಲುಂಟು?

ಬಜಪೆಯಿಂದ ಗಲ್ಫಿಗೆ ಈಗಲೂ ರಾತ್ರಿ ವಿಮಾನಗಳುಂಟು. ಅವುಗಳಲ್ಲಿ ಎಷ್ಟನ್ನು ಅದೇ ತಂಡ ಒಯ್ದು, ಅದೇ ರಾತ್ರಿ ವಾಪಸ್ ತರುತ್ತದೆ? ನಮ್ಮ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರೆ ಲಿಖಿತ ಉತ್ತರ ಬರುತ್ತದೆ, ಖರ್ಚೇನೂ ಇಲ್ಲ. ಪ್ರತಿವರ್ಷ ಮೇ 22ಕ್ಕೆ ಕೂಳೂರಿನ ಸ್ಮಾರಕಕ್ಕೆ ಹೂವಿಡಲು ದೊಡ್ಡವರು ಬರುತ್ತಾರೆ. ಮುಂದಿನ ಸಲ ಬರುವಾಗ ಆ ಉತ್ತರದ ಒಂದು ಪ್ರತಿಯನ್ನೂ ಹಿಡಿದುಕೊಂಡು ಬರಲಿ.