ವಿದ್ಯುತ್ತು ‘ಸ್ವಲ್ಪ ಅಡ್ಜಸ್ಟ್’ ಮಾಡಿಕೊಳ್ಳುವುದಿಲ್ಲ



ನವೆಂಬರ್ ತಿಂಗಳು ಕಾಲಿಟ್ಟು ಮರುಭೂಮಿಯ ಬಿಸಿಗಾಳಿ ತಣಿಯಿತೆಂದರೆ ಈ ನಾಡಿನ ಕನ್ನಡ ಸಂಘಗಳಿಗೆ ಸಂಭ್ರಮದ ಋತು ಆರಂಭವಾಗುತ್ತದೆ. ರಾಜ್ಯೋತ್ಸವ, ಕ್ರೀಡಾಕೂಟ, ಕುಟುಂಬ ಸಮ್ಮಿಲನಗಳ ಸಾಲಿನಲ್ಲಿ ಧೋವ್ ವಿಹಾರವೂ ಈಗ ಸೇರಿಕೊಂಡಿದೆ. ದುಬೈ ಕ್ರೀಕ್‌ನಲ್ಲಿಯೋ, 2016ರ ನವೆಂಬರ್‌ನಲ್ಲಿ ತೆರೆದ 3.2 ಕಿಲೋಮೀಟರ್ ಉದ್ದದ ದುಬೈ ಕಾಲುವೆಯಲ್ಲಿಯೋ ಒಂದು ಸಂಜೆ ಇಡೀ ದೋಣಿಯನ್ನು ಬಾಡಿಗೆಗೆ ಪಡೆದು, ಹಾಡು, ಹಾಸ್ಯ, ಊಟಗಳೊಂದಿಗೆ ತೇಲುವುದು ನಿಜಕ್ಕೂ ಸುಂದರವಾದ ಅನುಭವ. ಈ ವಿಹಾರಕ್ಕಾಗಿ ಸಮಿತಿಗಳು ಮೂರು ಮೂರು ಬಾರಿ ಸಭೆ ಸೇರುತ್ತವೆ. ಬಿಸಿಬೇಳೆಭಾತ್ ಇರಬೇಕೋ ಪುಳಿಯೋಗರೆ ಇರಬೇಕೋ ಎಂಬುದು ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಆದರೆ ಆ ದೋಣಿಯ ವಿದ್ಯುತ್ ವ್ಯವಸ್ಥೆ ಎಂತಹದು, ಅದು ಎಷ್ಟು ಹೊರೆಯನ್ನು ತಾಳಬಲ್ಲದು, ಕೆಟ್ಟರೆ ಯಾರು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾವ ಸಭೆಯಲ್ಲಿಯೂ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಈ ಮೌನದ ವಿರುದ್ಧವೇ ಈ ಲೇಖನ.

ವಿಹಾರಗಳಲ್ಲಿ ಒಂದು ದೃಶ್ಯ ನಮಗೆಲ್ಲರಿಗೂ ಪರಿಚಿತ. ಹಾಡಿನ ನಡುವೆ ಫಕ್ಕನೆ ದೀಪಗಳು ಆರುತ್ತವೆ, ಧ್ವನಿವರ್ಧಕ ಮೂಕವಾಗುತ್ತದೆ. ‘ಸ್ವಲ್ಪ ನೋಡಿ ಸಾರ್’ ಎಂಬ ಕೂಗು ಏಳುತ್ತದೆ. ನಾವಿಕರಲ್ಲಿ ಒಬ್ಬರೋ, ನಮ್ಮಲ್ಲಿಯೇ ‘ಎಲೆಕ್ಟ್ರಿಕಲ್ ಬಲ್ಲವರು’ ಎಂದು ಹೆಸರಾದ ಒಬ್ಬರೋ ಫಲಕದ ಬಳಿಗೆ ಧಾವಿಸಿ, ಬಿದ್ದ ಸ್ವಿಚ್ಚನ್ನು ಮೇಲೆತ್ತುತ್ತಾರೆ. ಮತ್ತೆ ಬೀಳುತ್ತದೆ; ಮತ್ತೆ ಎತ್ತುತ್ತಾರೆ. ಮೂರನೆಯ ಸಲ ಏನೋ ‘ಹೊಂದಾಣಿಕೆ’ ನಡೆದು ಬೆಳಕು ಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಗೇ ನನ್ನ ಆಕ್ಷೇಪ. ಬೆಳಕು ಮರಳಿತೆಂದ ಮಾತ್ರಕ್ಕೆ ದೋಷ ನಿವಾರಣೆಯಾಯಿತೆಂದು ನಂಬುವುದು, ಮಾತ್ರೆಯಿಂದ ಜ್ವರ ಇಳಿಯಿತೆಂದು ನ್ಯುಮೋನಿಯಾ ರೋಗಿಯನ್ನು ಮನೆಗೆ ಕಳುಹಿಸಿದಂತೆ. ಸರ್ಕ್ಯೂಟ್ ಬ್ರೇಕರ್ ಬೀಳುವುದು ರೋಗವಲ್ಲ, ಲಕ್ಷಣ. ಲಕ್ಷಣವನ್ನು ಅಡಗಿಸುವವನನ್ನು ವೈದ್ಯನೆಂದು ನಾವು ಒಪ್ಪುವುದಿಲ್ಲ. ದೋಣಿಯಲ್ಲಿ ಮಾತ್ರ ಅಂಥವರಿಗೆ ಶಾಲು ಹೊದಿಸುತ್ತೇವೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ, ಅಪಾಯಕಾರಿಯಾಗಿ.

ಫ್ಯೂಸ್ ಆಗಲಿ ಬ್ರೇಕರ್ ಆಗಲಿ ಇರುವುದು ಮುಖ್ಯವಾಗಿ ಉಪಕರಣದ ರಕ್ಷಣೆಗಲ್ಲ, ತಂತಿಯ ರಕ್ಷಣೆಗೆ. ತಂತಿ ತಾಳಬಲ್ಲದ್ದಕ್ಕಿಂತ ಹೆಚ್ಚಿನ ವಿದ್ಯುತ್ ಹರಿದರೆ ತಂತಿ ಕಾಯುತ್ತದೆ, ಮೇಲಿನ ಹೊದಿಕೆ ಕರಗುತ್ತದೆ, ಪಕ್ಕದ ಮರ ಹೊತ್ತುತ್ತದೆ. ಧೋವ್‌ಗಳ ಒಡಲು ಬಹುಮಟ್ಟಿಗೆ ಮರದ್ದು. ಈ ದೇಶದಲ್ಲಿ ಬಳಸುವ ಚೌಕ ಕಡ್ಡಿಗಳ ಮೂರು ಪಿನ್ ಪ್ಲಗ್ಗಿನ ಹೊಟ್ಟೆಯೊಳಗೂ ಒಂದು ಫ್ಯೂಸ್ ಇರುತ್ತದೆ. ಸಾಮಾನ್ಯವಾಗಿ 13 ಆಂಪಿಯರ್. ನಮ್ಮೂರಿನ ದುಂಡು ಪಿನ್ನಿನ ಪ್ಲಗ್ಗಿನಲ್ಲಿ ಅದಿಲ್ಲ. ಊರಿನಿಂದ ತಂದ ಪ್ಲಗ್ಗನ್ನು ಇಲ್ಲಿನ ರಂಧ್ರಕ್ಕೆ ಒತ್ತಿ ತುರುಕುವಾಗ ನಾವು ಬಿಟ್ಟುಕೊಡುವುದು ಆ ಒಂದು ಕಾವಲನ್ನು. ಇನ್ನು ಫ್ಯೂಸಿನ ಬದಲಿಗೆ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತುವ ‘ಜಾಣ್ಮೆ’ಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನಾನು ವಾಸಿಸುವ ಇಂಟರ್‌ನ್ಯಾಷನಲ್ ಸಿಟಿಗೆ ಹೊಂದಿಕೊಂಡೇ ಡ್ರ್ಯಾಗನ್ ಮಾರ್ಟ್ ಇದೆ. ವಿಹಾರದ ಹಿಂದಿನ ದಿನ ನಮ್ಮ ಸ್ವಯಂಸೇವಕರು ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್, ಬಣ್ಣದ ದೀಪಸರ, ಚಹಾಕ್ಕೆ ಕೆಟಲ್ ಹೊತ್ತು ತರುತ್ತಾರೆ. ಅಂಗಡಿಯಲ್ಲಿ ಒಳ್ಳೆಯದೂ ದೊರೆಯುತ್ತದೆ, ಅಗ್ಗದ್ದೂ ದೊರೆಯುತ್ತದೆ, ಆಯ್ಕೆ ನಮ್ಮದು. ಲೆಕ್ಕ ಹಾಕಿ ನೋಡಿ. ತಲಾ 2,000 ವ್ಯಾಟ್‌ನ ಎರಡು ಕೆಟಲ್‌ಗಳನ್ನು ಒಂದೇ ಬಾಕ್ಸಿಗೆ ಚುಚ್ಚಿದರೆ 230 ವೋಲ್ಟ್‌ನಲ್ಲಿ 17 ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ. 13ರ ಫ್ಯೂಸ್ ಇದಕ್ಕೆ ಕೂಡಲೇ ಕರಗುವುದಿಲ್ಲ. ಬಹಳ ಹೊತ್ತು ಸಹಿಸಿಕೊಳ್ಳುತ್ತದೆ. ಅಷ್ಟರಲ್ಲಿ ಸುರುಳಿ ಸುತ್ತಿ ಮೂಲೆಗೆ ಎಸೆದ ತಂತಿಯ ಒಳಪದರ, ಶಾಖ ಹೊರಹೋಗಲು ದಾರಿಯಿಲ್ಲದೆ ಬೇಯುತ್ತಿರುತ್ತದೆ. ಇದಕ್ಕೆ ಧ್ವನಿವರ್ಧಕವನ್ನೂ ಊಟ ಬಿಸಿ ಮಾಡುವ ಪಾತ್ರೆಗಳನ್ನೂ ಸೇರಿಸಿದರೆ ಜನರೇಟರ್ ಮುನಿಯದಿರುತ್ತದೆಯೇ?

ಬ್ರೇಕರ್ ಬಿದ್ದಾಗ ಮಾಡಬೇಕಾದುದು ಕಠಿಣವಾದದ್ದೇನಲ್ಲ. ತಾಳ್ಮೆ ಬೇಕು, ಅಷ್ಟೇ. ಮೊದಲು ಆ ಸಾಲಿನ ಎಲ್ಲ ಉಪಕರಣಗಳನ್ನೂ ಕಳಚಬೇಕು. ಏನೂ ಇಲ್ಲದಿರುವಾಗಲೂ ಬ್ರೇಕರ್ ನಿಲ್ಲದಿದ್ದರೆ ದೋಷ ತಂತಿಯಲ್ಲಿದೆ. ಆ ಸಾಲನ್ನು ಆ ಸಂಜೆಗೆ ಮುಟ್ಟಬಾರದು. ನಿಂತರೆ ಒಂದೊಂದಾಗಿ ಸೇರಿಸುತ್ತಾ ಬರಬೇಕು. ಯಾವುದನ್ನು ಸೇರಿಸಿದಾಗ ಬೀಳುತ್ತದೆಯೋ ಅದು ಅಪರಾಧಿ, ಅಥವಾ ಒಟ್ಟು ಹೊರೆ ಮೀರಿದೆ. ಇದನ್ನೇ ನಾವು ವೈದ್ಯರು ರೋಗನಿರ್ಣಯ ಎನ್ನುತ್ತೇವೆ: ಒಂದೊಂದನ್ನೇ ಹೊರಗಿಡುತ್ತಾ ಸತ್ಯದ ಬಳಿಗೆ ಬರುವುದು. ಹತ್ತು ನಿಮಿಷದ ಈ ಕೆಲಸಕ್ಕೆ ನಮ್ಮ ಪ್ರಯಾಣಿಕರು ಹತ್ತು ನಿಮಿಷ ಕೊಡುವುದಿಲ್ಲ ಎಂಬುದೇ ನಿಜವಾದ ಸಮಸ್ಯೆ.

ದೋಣಿಯ ಇನ್ನೊಂದು ವಿದ್ಯುತ್ ಲೋಕವಿದೆ: 12 ಅಥವಾ 24 ವೋಲ್ಟ್‌ನ ಬ್ಯಾಟರಿಯದು. ತಳದ ನೀರೆತ್ತುವ ಪಂಪ್, ಸಂಚಾರ ದೀಪ, ರೇಡಿಯೊ ಇವೆಲ್ಲ ಅದರ ಆಶ್ರಯದಲ್ಲಿವೆ. ‘ಬರೀ 12 ವೋಲ್ಟ್, ಶಾಕ್ ಹೊಡೆಯುವುದಿಲ್ಲ’ ಎಂಬ ಉಡಾಫೆ ಇಲ್ಲಿ ಸಾಮಾನ್ಯ. ಶಾಕ್ ಹೊಡೆಯದಿರಬಹುದು, ಬೆಂಕಿ ಹೊತ್ತಬಹುದು. ಉಪ್ಪುನೀರಿನ ಹವೆಗೆ ಹಸಿರುಗಟ್ಟಿದ ಒಂದು ಜೋಡಣೆಯಲ್ಲಿ ಕೇವಲ 0.2 ಓಂ ಪ್ರತಿರೋಧ ಹುಟ್ಟಿತೆಂದುಕೊಳ್ಳಿ. ಅದರಲ್ಲಿ 5 ಆಂಪಿಯರ್ ಹರಿದರೆ ಪಂಪಿಗೆ 1 ವೋಲ್ಟ್ ನಷ್ಟ, ಪಂಪ್ ಮಂದವಾಗುತ್ತದೆ. 20 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ 80 ವ್ಯಾಟ್ ಶಾಖ. ಮರವನ್ನು ಕರಿಕಲಾಗಿಸಲು ಅದು ಸಾಕು. ಇಂತಹ ಸ್ಥಿತಿಯಲ್ಲಿ ಫ್ಯೂಸ್ ಹಾರುವುದೂ ಇಲ್ಲ, ಏಕೆಂದರೆ ವಿದ್ಯುತ್ ಪ್ರಮಾಣ ಮಿತಿಯೊಳಗೇ ಇರುತ್ತದೆ. ಕೈಯಿಂದ ಮುಟ್ಟಿದರೆ ಬಿಸಿ, ಮೂಗಿಗೆ ಸುಟ್ಟ ವಾಸನೆ, ಕಣ್ಣಿಗೆ ಬಣ್ಣಗೆಟ್ಟ ತಾಮ್ರ, ಇವಷ್ಟೇ ಎಚ್ಚರಿಕೆ. ಹಳೆಯ ವೈದ್ಯರು ರೋಗಿಯನ್ನು ಮುಟ್ಟಿ ನೋಡುತ್ತಿದ್ದಂತೆ, ಒಳ್ಳೆಯ ನಾವಿಕನು ಜೋಡಣೆಗಳನ್ನು ಮುಟ್ಟಿ ನೋಡುತ್ತಾನೆ.

ಈಗ ನನ್ನ ವೃತ್ತಿಯ ಮಾತು. ಹವಾನಿಯಂತ್ರಿತ ಕೆಳ ಅಂತಸ್ತಿನಲ್ಲಿ ಕಿಟಕಿ ಬಾಗಿಲು ಮುಚ್ಚಿ ಕುಳಿತವರಲ್ಲಿ ಮೂರು ನಾಲ್ಕು ಜನರಿಗೆ ಒಮ್ಮೆಲೇ ತಲೆನೋವು, ಓಕರಿಕೆ, ಮಂಪರು ಬಂದರೆ ‘ದೋಣಿ ಪ್ರಯಾಣ ಒಗ್ಗಲಿಲ್ಲ, ನಿಂಬೆಹಣ್ಣು ಕೊಡಿ’ ಎನ್ನುತ್ತೇವೆ. ಬಂಧುಗಳೇ, ಕ್ರೀಕ್‌ನಲ್ಲಿ ಹೇಳಿಕೊಳ್ಳುವಂಥ ಅಲೆಯೇ ಇರುವುದಿಲ್ಲ. ಇಷ್ಟು ಜನರಿಗೆ ಸಮುದ್ರಪೀಡೆ ಎಲ್ಲಿಂದ ಬಂತು? ಜನರೇಟರಿನ ಹೊಗೆ ಒಳನುಸುಳಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿನ ಆಕ್ಸಿಮೀಟರ್ ಈ ವಿಷವನ್ನು ಗುರುತಿಸಲಾರದು. ಪ್ರಾಣ ಹೋಗುತ್ತಿರುವಾಗಲೂ 98 ಎಂದು ತೋರಿಸಬಹುದು. ಒಂದೇ ಕೋಣೆಯ ಹಲವರು ಒಟ್ಟಿಗೆ ಅಸ್ವಸ್ಥರಾಗಿ, ಮೇಲಿನ ಅಟ್ಟಕ್ಕೆ ಬಂದೊಡನೆ ಚೇತರಿಸಿಕೊಂಡರೆ ಅದು ಹೊಗೆಯ ವಿಷವೆಂದೇ ಭಾವಿಸಿ ಎಲ್ಲರನ್ನೂ ಹೊರಗೆ ತರಬೇಕು, ಜನರೇಟರ್ ನಿಲ್ಲಿಸಬೇಕು, 998ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕೇಳಬೇಕು. ಹಾಗೆಯೇ ವಿದ್ಯುದಾಘಾತ: ಒದ್ದೆಯಾದ ಅಟ್ಟದ ಮೇಲೆ ಬರಿಗಾಲಿನ ಮಗುವಿನ ದೇಹದ ಪ್ರತಿರೋಧ ಸುಮಾರು 1,000 ಓಂಗೆ ಇಳಿಯಬಹುದು. 230 ವೋಲ್ಟ್‌ಗೆ ಅದು 230 ಮಿಲಿಆಂಪಿಯರ್. ಹೃದಯದ ಲಯ ಕೆಡಿಸಲು ಇದರ ಅರ್ಧವೂ ಬೇಡ. ಅದಕ್ಕಾಗಿಯೇ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ರಕ್ಷಣಾ ಸ್ವಿಚ್ ಇರುವುದು. ‘ಪದೇ ಪದೇ ಬೀಳುತ್ತದೆ, ಕಿರಿಕಿರಿ’ ಎಂದು ತೆಗೆದುಹಾಕುವುದು ಅದನ್ನೇ.

ಇದು ಅತಿಶಯೋಕ್ತಿ ಎನ್ನುವವರು 2019ರ ಸೆಪ್ಟೆಂಬರ್ 2ರ ನಸುಕನ್ನು ನೆನೆಯಲಿ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ಎಂಬ ಡೈವಿಂಗ್ ದೋಣಿ ಹೊತ್ತಿ ಉರಿದು, ಕೆಳಗೆ ಮಲಗಿದ್ದ 34 ಮಂದಿ ಮೃತಪಟ್ಟರು. ಬೆಂಕಿಯ ಸಂಭವನೀಯ ಮೂಲಗಳಲ್ಲಿ ದೋಣಿಯ ವಿದ್ಯುತ್ ಜಾಲವನ್ನೂ, ಯಾರ ಗಮನವೂ ಇಲ್ಲದೆ ಚಾರ್ಜ್ ಆಗುತ್ತಿದ್ದ ಬ್ಯಾಟರಿಗಳನ್ನೂ ತನಿಖೆ ಎಣಿಸಿತು. ಆದರೆ ಅದು ಹೊರಿಸಿದ ಮುಖ್ಯ ದೋಷ ಯಂತ್ರದ ಮೇಲಲ್ಲ. ರಾತ್ರಿ ಎಚ್ಚರವಿದ್ದು ಸುತ್ತು ಹಾಕುವ ಒಬ್ಬ ಕಾವಲುಗಾರನೂ ಇರಲಿಲ್ಲ ಎಂಬುದರ ಮೇಲೆ. ದೋಣಿಯ ಕ್ಯಾಪ್ಟನ್‌ಗೆ ನ್ಯಾಯಾಲಯ 4 ವರ್ಷಗಳ ಸೆರೆವಾಸ ವಿಧಿಸಿತು. ದೋಷ ಹುಟ್ಟುವುದು ತಂತಿಯಲ್ಲಿ, ದುರಂತ ಹುಟ್ಟುವುದು ಅಜಾಗ್ರತೆಯಲ್ಲಿ.

ನಮ್ಮ ಕರಾವಳಿಗೂ ತನ್ನದೇ ಗಾಯಗಳಿವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮೀನುಗಾರರೊಂದಿಗೆ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷವನ್ನು ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರತಳದಲ್ಲಿ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ನಾನು ಇಲ್ಲಿ ಎತ್ತುವುದು ಅದು ಮುಳುಗಿದ ಕಾರಣವನ್ನಲ್ಲ. ಆ ಕುಟುಂಬಗಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸುದ್ದಿಯಿಲ್ಲದೆ ಕಾದುದನ್ನು. ಈಗ ಭಾರತದ ಮೀನುಗಾರಿಕೆ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಟ್ರಾನ್ಸ್‌ಪಾಂಡರ್‌ಗಳನ್ನು ಅಳವಡಿಸಲಾಗುತ್ತಿದೆ. ಸ್ವಾಗತಾರ್ಹವೇ ಸರಿ. ಆದರೆ ಸತ್ತ ಬ್ಯಾಟರಿಗೆ ಜೋಡಿಸಿದ ಟ್ರಾನ್ಸ್‌ಪಾಂಡರ್ ಗೋಡೆಯ ಮೇಲಿನ ಕ್ಯಾಲೆಂಡರಿಗಿಂತ ಹೆಚ್ಚಿನ ಪ್ರಯೋಜನಕ್ಕೆ ಬಾರದು. ಉಪಕರಣ ಕೊಡಿಸುವುದಕ್ಕೆ ಸಮಾರಂಭವಿರುತ್ತದೆ; ಅದನ್ನು ಸುಸ್ಥಿತಿಯಲ್ಲಿಡುವುದಕ್ಕೆ ಯಾವ ಸಮಾರಂಭವೂ ಇಲ್ಲ.

ಆಕ್ಷೇಪಗಳು ನನಗೆ ತಿಳಿದಿವೆ. ‘ದೋಣಿಗೆ ಪರವಾನಗಿ ಇದೆ, ತಪಾಸಣೆ ಆಗಿದೆ, ನಮಗೇಕೆ?’ ತಪಾಸಣೆ ಆದದ್ದು ದೋಣಿಗೆ. ನೀವು ಹೊತ್ತು ತಂದ ಎಕ್ಸ್‌ಟೆನ್ಷನ್ ಬಾಕ್ಸಿಗಲ್ಲ. ‘ಕೇಳಿದರೆ ಕ್ಯಾಪ್ಟನ್‌ಗೆ ಅವಮಾನ.’ ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಶ್ನೆ ಕೇಳುವ ರೋಗಿಯಿಂದ ಒಳ್ಳೆಯ ವೈದ್ಯನಿಗೆ ಅವಮಾನವಾಗುವುದಿಲ್ಲ. ಸಿಡುಕುವವನ ಬಳಿ ಚಿಕಿತ್ಸೆ ಪಡೆಯಬಾರದು. ‘ನಾವು ತಜ್ಞರಲ್ಲ.’ ಬ್ರೇಕರ್ ಎರಡು ಸಲ ಬಿದ್ದರೆ ಸಂಗೀತ ನಿಲ್ಲಿಸಿ ಎಂದು ಹೇಳಲು ತಜ್ಞತೆ ಬೇಡ, ಧೈರ್ಯ ಬೇಕು.

ನನ್ನನ್ನು ಹೆಚ್ಚು ನೋಯಿಸುವುದು ಇದು: ಆ ಸಂಜೆ ಫಲಕದ ಮುಂದೆ ಬೆವರುತ್ತಾ ನಿಂತ ನಾವಿಕ ಸಾಮಾನ್ಯವಾಗಿ ನಮ್ಮಂತೆಯೇ ಹೊಟ್ಟೆಪಾಡಿಗೆ ಕಡಲು ದಾಟಿ ಬಂದವನು. ಅವನಿಗೆ ಸರಿಯಾದ ಕ್ರಮ ಗೊತ್ತಿರುತ್ತದೆ. ಆದರೆ ‘ಹಣ ಕೊಟ್ಟಿದ್ದೇವೆ, ಬೇಗ ಮಾಡು’ ಎಂದು ಮೇಲಿನಿಂದ ನೂರು ಕಂಠಗಳು ಕೂಗುವಾಗ, ದೂರು ಹೋದರೆ ಕೆಲಸ ಹೋದೀತೆಂಬ ಭಯದಲ್ಲಿ ಅವನು ಅಡ್ಡದಾರಿ ಹಿಡಿಯುತ್ತಾನೆ. ನಾಳೆ ಅನಾಹುತವಾದರೆ ಪತ್ರಿಕೆಯಲ್ಲಿ ಬರುವುದು ಅವನ ಹೆಸರು, ನಮ್ಮ ಕೂಗಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬುದು ಬಸ್ಸಿನ ಸೀಟಿನಲ್ಲಿ ಸೌಜನ್ಯ; ವಿದ್ಯುತ್ ಫಲಕದ ಮುಂದೆ ಅದು ಬಲವಂತ.

ಆದುದರಿಂದ ನಮ್ಮ ಕಾರ್ಯಕಾರಿ ಸಮಿತಿ ಈ ಋತುವಿನ ಮೊದಲ ವಿಹಾರಕ್ಕೆ ಮುನ್ನವೇ ಒಂದು ನಿರ್ಣಯ ಅಂಗೀಕರಿಸಬೇಕೆಂದು ಆಗ್ರಹಿಸುತ್ತೇನೆ. ದೋಣಿ ಕಾಯ್ದಿರಿಸುವಾಗಲೇ ಜನರೇಟರಿನ ಸಾಮರ್ಥ್ಯ ಕೇಳಿ, ನಮ್ಮ ಉಪಕರಣಗಳ ವ್ಯಾಟ್ ಲೆಕ್ಕವನ್ನು ಬರೆದುಕೊಡಬೇಕು. ಕೆಟಲ್ ಬೇಡ, ಚಹಾ ಫ್ಲಾಸ್ಕಿನಲ್ಲಿ ಬರಲಿ. ದಡ ಬಿಡುವ ಮುನ್ನ ನೀರೆತ್ತುವ ಪಂಪಿನ ತೇಲುಸ್ವಿಚ್ಚನ್ನು ಕೈಯಿಂದ ಎತ್ತಿ ಅದು ಓಡುವುದನ್ನು ತೋರಿಸುವಂತೆ, ಸೋರಿಕೆ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ಒತ್ತಿ ತೋರಿಸುವಂತೆ, ಕೆಳ ಅಂತಸ್ತಿನ ಕಾರ್ಬನ್ ಮಾನಾಕ್ಸೈಡ್ ಸೂಚಕವನ್ನು ತೋರಿಸುವಂತೆ ವಿನಯದಿಂದ ಕೇಳಬೇಕು. ಸೂಚಕವಿಲ್ಲದಿದ್ದರೆ ನಾವೇ ಒಂದನ್ನು ಕೊಂಡೊಯ್ಯಬೇಕು. ಒಂದು ಹೂವಿನ ಹಾರದ ಖರ್ಚನ್ನು ಉಳಿಸಿದರೆ ಅದರ ಬಹುಪಾಲು ಹೊಂದುತ್ತದೆ. ಬ್ರೇಕರ್ ಎರಡನೆಯ ಬಾರಿ ಬಿದ್ದರೆ ಕಾರ್ಯಕ್ರಮ ನಿಲ್ಲಬೇಕು, ಕಾರಣ ಸಿಗದಿದ್ದರೆ ದೋಣಿ ದಡಕ್ಕೆ ಮರಳಬೇಕು. ಈ ಮಾತನ್ನು ಸಮಿತಿಯ ಅಧ್ಯಕ್ಷರೇ ಆರಂಭದಲ್ಲಿ ಮೈಕಿನಲ್ಲಿ ಘೋಷಿಸಬೇಕು. ಆಗ ನಾವಿಕನ ಮೇಲೆ ಯಾರೂ ಕೂಗಲಾರರು.

ಇಷ್ಟಾದ ಮೇಲೂ ಒಂದು ಸಂಜೆ ಕತ್ತಲಾಗಬಹುದು. ಆಗಲಿ. ಮೈಕ್ ಇಲ್ಲದೆ ಹಾಡಲು ಕನ್ನಡಿಗರಿಗೆ ಬರುತ್ತದೆ. ದೋಷ ಸಿಕ್ಕಿತು, ಸಾಲನ್ನು ಕಡಿತಗೊಳಿಸಿದ್ದೇನೆ, ಇಂದು ದೀಪ ಬರುವುದಿಲ್ಲ ಎಂದು ನಾವಿಕ ಬಂದು ಹೇಳಿದರೆ ಚಪ್ಪಾಳೆ ತಟ್ಟಬೇಕಾದುದು ಆಗ.