ಗಾಳದ ಜೊತೆ ಅಳತೆಪಟ್ಟಿಯೂ ಇರಲಿ



ಮಿನ್ನೆಸೋಟದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗಾಳ ಹಾಕುವ ಹವ್ಯಾಸದವರಿದ್ದಾರೆ, ನಾನೂ ಒಬ್ಬ. ಅವರಲ್ಲಿ ನನ್ನದೊಂದು ವಿನಂತಿ. ವಾಲ್‌ಐ ಇಲ್ಲಿನ ರಾಜ್ಯ ಮೀನು. ಫೆಬ್ರುವರಿ ಕೊನೆಯಿಂದ ಮೇ ನಡುವಿನವರೆಗೆ ಒಳನಾಡಿನ ಕೆರೆ, ಹೊಳೆಗಳಲ್ಲಿ ಅದನ್ನು ಹಿಡಿಯುವಂತಿಲ್ಲ. ಹಿಮ ಕರಗಿ ಅದು ಮೊಟ್ಟೆಯಿಡುವ ಕಾಲವದು. 20 ಇಂಚು ಮೀರಿದ್ದರೆ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ದೊಡ್ಡವು ಬಹುಪಾಲು ಹೆಣ್ಣು, ಮುಂದಿನ ಪೀಳಿಗೆಯ ತಾಯಂದಿರು.

ಕಳೆದ ಬೇಸಿಗೆ ನಮ್ಮವರೊಬ್ಬರು ಅಳೆಯದೆಯೇ ಎರಡು ದೊಡ್ಡ ಮೀನು ಚೀಲಕ್ಕೆ ಹಾಕಿದ್ದು ಕಂಡು ಸಂಕಟವಾಯಿತು. ಅಪ್ಪರ್ ರೆಡ್ ಲೇಕ್‌ನ ಕಥೆ ಅವರಿಗೆ ಹೇಳಿದೆ. ಮಿತಿಮೀರಿ ಹಿಡಿದು ಅಲ್ಲಿ ವಾಲ್‌ಐ ಬಹುತೇಕ ಬರಿದಾಗಿತ್ತು. 1999ರಲ್ಲಿ ರಾಜ್ಯ ಸರ್ಕಾರ ಹಿಡಿಯುವುದನ್ನೇ ನಿಲ್ಲಿಸಿತು. ರೆಡ್ ಲೇಕ್ ಬುಡಕಟ್ಟಿನವರು ಅದಕ್ಕೂ ಮುಂಚೆಯೇ ತಮ್ಮ ಬಲೆಗಳನ್ನು ಮೇಲೆತ್ತಿದ್ದರು, ಅದು ಅವರ ಹೊಟ್ಟೆಪಾಡಾಗಿದ್ದರೂ! ಮರಿ ಬಿಟ್ಟು, ಕಾದು, 2006ರಲ್ಲಿ ಕೆರೆಯನ್ನು ಮೀನು ಹಿಡಿಯಲು ಮತ್ತೆ ತೆರೆದರು.

ಪ್ರತಿ ಕೆರೆಗೂ ಬೇರೆ ನಿಯಮವಿರಬಹುದು, ವರ್ಷವರ್ಷ ಬದಲಾಗಲೂಬಹುದು. ಹೊರಡುವ ಮುನ್ನ ಆ ವರ್ಷದ ನಿಯಮ ಪುಸ್ತಿಕೆ ಓದಿ, ಲೈಸೆನ್ಸ್ ಜೇಬಿನಲ್ಲಿಡಿ.

– ಓದುಗ, ಮಿನ್ನೆಸೋಟ